ಹೆಜ್ಜೆ ಅಳಿಸುವ ವರ್ಲೀನ್ ಅತ್ತೆ

ನಮ್ಮ ವರ್ಲೀನ್ ಅತ್ತೆ ಬೈಯುವುದನ್ನು ನೀವು ಕೇಳಬೇಕಿತ್ತು. ಒಮ್ಮೆ ಬಾಯಿ ತೆರೆದಳೆಂದರೆ ಬೈಸಿಕೊಳ್ಳುವವನ ಮುತ್ತಜ್ಜನಿಂದ ಹಿಡಿದು ಇನ್ನೂ ಹುಟ್ಟದ ಮೊಮ್ಮಕ್ಕಳವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಕೀಲರ್ ಊರಿನ ನಾಯಿಗಳು ಕೂಡ ಅವಳ ಪಿಕಪ್ ಗಾಡಿಯ ಸದ್ದು ಕೇಳಿದರೆ ಬಾಲ ಮಡಚಿಕೊಂಡು ಬೇಲಿ ಸೇರುತ್ತಿದ್ದವು. ಹಾಗಂತ ಕೆಟ್ಟವಳಲ್ಲ. ಬೈದು ಮುಗಿಸಿ "ತಿಂದ್ಯೇನೋ?" ಎಂದು ಕೇಳುವ ಪೈಕಿ. ನನಗೆ ಜ್ವರ ಬಂದಾಗಲೆಲ್ಲ ಬೀನ್ಸ್ ಸಾರು, ಜೋಳದ ಬ್ರೆಡ್ಡು ತಂದು ತಲೆದಿಂಬಿನ ಹತ್ತಿರ ಇಟ್ಟು, ಕಾಯಿಲೆ ಬಿದ್ದದ್ದಕ್ಕೆ ಚೆನ್ನಾಗಿ ಉಗಿದು ಹೋಗುತ್ತಿದ್ದಳು.

ಅವಳು ನನ್ನ ಸೋದರಮಾವ ಹಾಯ್ಟ್‌ನ ಹೆಂಡತಿ. ನಾನು ಲೈಲ್. ಕೀಲರ್ ಪಕ್ಕದ ಊರು ಲೋನ್ ಪೈನ್‌ನಲ್ಲಿ ಟೈರ್ ಅಂಗಡಿ ಇಟ್ಟಿದ್ದೇನೆ, ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಲಾರಿಯೂ ಉಂಟು. ರೇಸ್‌ಟ್ರ್ಯಾಕ್‌ಗೆ ಹೋಗುವ ದಾರಿಯ ಜಲ್ಲಿ ಚಾಕುವಿನ ಹಾಗಿದೆ. ಅದು ಜನರ ಟೈರು ತಿನ್ನುತ್ತದೆ, ಅದರಿಂದ ನನ್ನ ಹೊಟ್ಟೆ ತುಂಬುತ್ತದೆ.

ರೇಸ್‌ಟ್ರ್ಯಾಕ್ ಅಂದರೆ ಕುದುರೆ ಜೂಜಿನ ಜಾಗ ಅಲ್ಲ. ಡೆತ್ ವ್ಯಾಲಿ ಎಂಬ ಮರುಭೂಮಿಯ ಗುಡ್ಡಗಳ ನಡುವೆ ಬತ್ತಿದ ಕೆರೆಯ ತಳ ಅದು. ಮೇಜಿನಷ್ಟು ಮಟ್ಟ, ಹುಲ್ಲುಕಡ್ಡಿ ಕೂಡ ಇಲ್ಲ. ಅದರ ಮೇಲೆ ಕಲ್ಲುಗಳು ತಾವಾಗಿ ಓಡಾಡುತ್ತವೆ. ಕೆಲವು ಬ್ರೆಡ್ಡಿನ ಗಾತ್ರ, ಕೆಲವನ್ನು ಇಬ್ಬರು ಗಂಡಸರು ಸೇರಿದರೂ ಎತ್ತಲಾಗದು. ಚಳಿಗಾಲದಲ್ಲಿ ಮಳೆ ಬಿದ್ದು ನೆಲ ಒದ್ದೆಯಾದಾಗ ಇವು ಎಲ್ಲಿಂದೆಲ್ಲಿಗೋ ಹೊರಟು, ಹೋದ ದಾರಿಯುದ್ದಕ್ಕೂ ಕೆಸರಿನಲ್ಲಿ ಗೆರೆ ಎಳೆದು, ಎಲ್ಲೋ ಒಂದು ಕಡೆ ಸುಮ್ಮನೆ ಕೂತುಬಿಡುತ್ತವೆ. ತೆಳ್ಳನೆಯ ಮಂಜುಗಡ್ಡೆಯನ್ನು ಮೆಲ್ಲನೆಯ ಗಾಳಿ ದೂಡುತ್ತದೆ, ಮಂಜುಗಡ್ಡೆ ಕಲ್ಲನ್ನು ದೂಡುತ್ತದೆ ಎಂದು ಈಚೆಗೆ ಕಂಡುಹಿಡಿದರು. ನಾನು ಹೇಳುತ್ತಿರುವುದು ಅದಕ್ಕೂ ಮುಂಚಿನ ಮಾತು. ಆಗ ಕಲ್ಲು ಓಡಿದ್ದನ್ನು ಕಂಡವರು ಯಾರೂ ಇರಲಿಲ್ಲ, ಗೆರೆ ನೋಡಿ ಬಾಯಿ ಬಿಡುವವರು ಮಾತ್ರ ಇದ್ದರು.

ಬಾಯಿ ಬಿಟ್ಟುಕೊಂಡು ನಿಂತರೆ ಸಾಕಿತ್ತಲ್ಲ? ಇಲ್ಲ, ಒದ್ದೆ ನೆಲಕ್ಕೇ ಕಾಲಿಡಬೇಕು ಇವರಿಗೆ. "ಕಾಲಿಡಬೇಡಿ" ಎಂದು ಬೋರ್ಡು ನೆಟ್ಟರೆ ಆ ಬೋರ್ಡಿನ ಪಕ್ಕವೇ ನಡೆದು ಹೋಗುತ್ತಾರೆ. ಒದ್ದೆಯಿದ್ದಾಗ ಇಟ್ಟ ಹೆಜ್ಜೆ ಒಣಗಿದ ಮೇಲೆ ಸುಟ್ಟ ಹೆಂಚಿನ ಹಾಗೆ ಗಟ್ಟಿಯಾಗಿ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಕಲ್ಲಿನ ಚೆಂದದ ಗೆರೆಯ ಪಕ್ಕದಲ್ಲಿ ಯಾವನದೋ ಬೂಟಿನ ಅಚ್ಚು. ಅದನ್ನು ಅಳಿಸುವ ಕೆಲಸಕ್ಕೆ, ಆ ಜಾಗವನ್ನೆಲ್ಲ ಕಾಯುವ ಸರ್ಕಾರಿ ಪಾರ್ಕಿನವರು ಇಟ್ಟುಕೊಂಡದ್ದು ನಮ್ಮ ಅತ್ತೆಯನ್ನು.

ಅದೇನು ಸುಮ್ಮನೆ ಗುಡಿಸುವ ಕೆಲಸ ಅಂದುಕೊಂಡಿರಾ? ಎರಡು ಹಲಗೆ ಇಟ್ಟುಕೊಂಡು, ಒಂದರ ಮೇಲೆ ಮಂಡಿಯೂರಿ, ಇನ್ನೊಂದನ್ನು ಮುಂದಕ್ಕೆ ಸರಿಸುತ್ತ ಹೋಗಬೇಕು, ಇಲ್ಲವಾದರೆ ಅಳಿಸುವವಳ ಹೆಜ್ಜೆಯೇ ಬಿದ್ದೀತು. ಅಚ್ಚಿನ ಅಂಚನ್ನು ಕೆದಕಿ, ನೀರು ಚಿಮುಕಿಸಿ, ಕೆಸರನ್ನು ಹಿಟ್ಟಿನಂತೆ ಅಂಗೈಯಲ್ಲಿ ತಟ್ಟಿ ಕೂರಿಸಬೇಕು. ತೀರಾ ನುಣುಪಾಗಿ ಮಾಡಿದರೂ ಕೆಟ್ಟಿತು, ಒಣಗಿದಾಗ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತದೆ. ಅದಕ್ಕೇ ಕೊನೆಯಲ್ಲಿ ಬ್ರಷ್ಷಿನ ಮೊನೆಯಿಂದ ಚುಚ್ಚಿ ಚುಚ್ಚಿ ಬಿಡುತ್ತಿದ್ದಳು. ಆಗ ಬಿರುಕು ಕೂಡ ಸುತ್ತಲಿನ ನೆಲದಂತೆಯೇ ಬೀಳುತ್ತಿತ್ತು. ವಾರ ಕಳೆದು ನಾನು ಹೋದರೆ ಸೊಂಟಕ್ಕೆ ಕೈಕೊಟ್ಟು ನಿಂತು ಕೇಳುವಳು.

"ಎಲ್ಲಿತ್ತು ತೋರ್ಸು ನೋಡೋಣ?"

ನಾನು ಎಲ್ಲೋ ಬೆರಳು ತೋರಿಸುತ್ತಿದ್ದೆ. ಅದು ಯಾವಾಗಲೂ ತಪ್ಪು ಜಾಗ. ಅತ್ತೆ ಹಲ್ಲು ಬಿಟ್ಟು ನಗುತ್ತಿದ್ದಳು.

ಒದ್ದೆ ನೆಲ ತುಳಿಯಬಾರದು ಎಂಬುದನ್ನು ಅವಳಿಗೆ ಕಲಿಸಿದವನು ಹಾಯ್ಟ್ ಮಾವನೇ. ಅವನು ರಸ್ತೆ ಸಮ ಮಾಡುವ ದೊಡ್ಡ ಯಂತ್ರ ಓಡಿಸುತ್ತಿದ್ದವ. ಆ ಕಲ್ಲುಗಳೆಂದರೆ ಅವನಿಗೆ ಪ್ರಾಣ. ಮದುವೆಗೆ ಮುಂಚೆ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದನಂತೆ. ಇವಳು ಖುಷಿಯಲ್ಲಿ ಕೆಸರಿಗೆ ಇಳಿಯಲು ಹೊರಟಾಗ ಮೊಣಕೈ ಹಿಡಿದು ಎಳೆದು, "ಇವಕ್ಕೆ ನಾಚಿಕೆ ಜಾಸ್ತಿ ಕಣೆ. ದಡದಲ್ಲಿ ನಿಂತು ನೋಡು. ಒಳಗೆ ಕಾಲಿಟ್ರೆ ನಿನಗೂ ನನಗೂ ಇಲ್ಲಿಗೆ ಮುಗೀತು" ಎಂದನಂತೆ. ಅತ್ತೆ ಇದನ್ನು ಹೇಳುವಾಗ, "ನೋಡು, ನನಗಿಂತ ಕಲ್ಲು ಹೆಚ್ಚು ಅವನಿಗೆ" ಎಂದು ಮೂತಿ ತಿರುಗಿಸುವಳು. ಆದರೆ ಆ ಕತೆಯನ್ನು ಎಷ್ಟು ಸಲ ಹೇಳಿದರೂ ಅವಳಿಗೆ ಬೇಸರವಿರಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಇದ್ದ ಮುದ್ದೆಲ್ಲ ನನ್ನ ಪಾಲಿಗೆ ಬಂತು, ಬೈಗುಳವೂ ಬಂತು.

ಮಾವ ಅವಳ ಬಾಯಿಗೆ ಹೆದರಿದವನೇ ಅಲ್ಲ. ಅವಳು ಕೂಗಾಡುತ್ತಿದ್ದರೆ ಕುರ್ಚಿಯಲ್ಲಿ ಒರಗಿಕೊಂಡು, "ಇವತ್ತು ಗಾಳಿ ಜೋರಾಗಿದೆ" ಎಂದು ನನಗೆ ಕಣ್ಣು ಹೊಡೆಯುತ್ತಿದ್ದ. ಅವನಿಗೆ ಮರೆವು ಶುರುವಾದ ಮೇಲೆ ಎಲ್ಲ ತಲೆಕೆಳಗಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು. ಅತ್ತೆ ಫೋನಿನಲ್ಲಿ ಯಾರಿಗೋ ದಬಾಯಿಸುತ್ತಿದ್ದರೆ ತನಗೇ ಬೈಯುತ್ತಿದ್ದಾಳೆಂದುಕೊಂಡು ಮುಖ ಚಿಕ್ಕದು ಮಾಡಿಕೊಳ್ಳುವನು. "ನಾನು ಮಾಡಿಲ್ಲ, ವರ್ಲೀನ್. ನಾನಲ್ಲ" ಎನ್ನುವನು. ಆರಡಿ ಎತ್ತರದ ಗಂಡಸು ಹಾಗೆ ಕುಗ್ಗಿ ನಿಲ್ಲುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ, ಎದ್ದು ಹೊರಗೆ ಹೋಗಿಬಿಡುತ್ತಿದ್ದೆ.

ಅತ್ತೆ ಮನೆಯಲ್ಲಿ ಬೈಯುವುದನ್ನು ನಿಲ್ಲಿಸಿದಳು. ನಂಬುತ್ತೀರೋ ಇಲ್ಲವೋ, ನಿಲ್ಲಿಸಿಯೇಬಿಟ್ಟಳು. ಸಿಟ್ಟು ಬಂದಾಗ ಗಾಡಿ ಹತ್ತಿ ಸೀದಾ ನನ್ನ ಅಂಗಡಿಗೆ ಬರುವಳು.

"ಮನೇಲಿ ಬೈಯೋಕಾಗಲ್ಲ ಕಣೋ ಲೈಲ್, ಪಾಪ ಅವನು ಹೆದರ್ಕೋತಾನೆ. ಇಲ್ಲಿ ಒಂದು ಸ್ವಲ್ಪ ಬೈದು ಹೋಗ್ತೀನಿ."

"ಬೈ ಅತ್ತೆ. ಯಾರನ್ನ ಬೈತೀಯಾ?"

"ಯಾರಾದ್ರೇನು! ನಿನ್ನನ್ನೇ ಬೈತೀನಿ. ಏನೋ ಅದು ಗಡ್ಡ, ಮೇಕೆ ಹೋತದ ಥರ!"

ಬೈದು, ಕಾಫಿ ಕುಡಿದು, ಹಗುರಾಗಿ ಮನೆಗೆ ಹೋಗುವಳು. ರೇಸ್‌ಟ್ರ್ಯಾಕ್ ಅವಳಿಗೆ ಇನ್ನೊಂದು ಬೈಯುವ ಜಾಗ. ಅಲ್ಲಿ ಮೈಲಿಗಟ್ಟಲೆ ಕೇಳುವವರಿಲ್ಲ. ಹಲಗೆ ಮೇಲೆ ಮಂಡಿಯೂರಿ ಒಂದೊಂದು ಹೆಜ್ಜೆ ಅಳಿಸುವಾಗಲೂ ಅದನ್ನು ಇಟ್ಟವನ ಜನ್ಮ ಜಾಲಾಡುತ್ತಿದ್ದಳು.

ಆ ವರ್ಷ ಹೊಸವರ್ಷದ ಹೊತ್ತಿಗೆ ಒಳ್ಳೆಯ ಮಳೆಯಾಯಿತು. ನೀರು ನಿಂತು, ಹೆಪ್ಪುಗಟ್ಟಿ, ಕರಗಿತು. ಕಲ್ಲುಗಳು ಓಡಿದವು. ರಜೆಗೆ ಬಂದ ಜನರೂ ಓಡಾಡಿದರು. ಪಾರ್ಕಿನವರು ಅತ್ತೆಗೆ ಹೇಳಿ ಕಳಿಸಿದರು. ಅವಳು ಮಾವನನ್ನು ಕೀಲರ್‌ನಲ್ಲೇ ನನ್ನ ಅಮ್ಮ ಓಪಲ್ ಹತ್ತಿರ ಬಿಟ್ಟು, ರೇಸ್‌ಟ್ರ್ಯಾಕಿನ ದಕ್ಷಿಣ ತುದಿಯಲ್ಲಿ ಗಾಡಿಗೆ ಕಟ್ಟಿ ಎಳೆಯುವ ತನ್ನ ಹಳೆಯ ಟ್ರೇಲರ್ ಮನೆ ನಿಲ್ಲಿಸಿಕೊಂಡು ಕೆಲಸಕ್ಕೆ ಕೂತಳು. ಅಲ್ಲಿ ಫೋನಿಲ್ಲ, ಏನಿಲ್ಲ.

ಒಂದು ಬೆಳಿಗ್ಗೆ ಅಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಹಾಕಿ ಒಳಗೆ ಬಂದರೆ ಮಾವನ ಕುರ್ಚಿ ಖಾಲಿ. ಬೀದಿಯಲ್ಲಿ ಇಲ್ಲ, ಅಂಚೆ ಕಚೇರಿಯಲ್ಲಿ ಇಲ್ಲ. ಊರಿರುವುದೇ ಬೆರಳೆಣಿಕೆಯಷ್ಟು ಮನೆ, ಎಲ್ಲವನ್ನೂ ತಡಕಿದ್ದಾಯಿತು. ಶೆರಿಫ್ ಕಡೆಯ ಪೊಲೀಸರು ಬಂದರು. ಊರ ಪಕ್ಕದ ಒಣಗಿದ ಓವೆನ್ಸ್ ಕೆರೆಯ ತಳದಲ್ಲಿ ಹುಡುಕಿದೆವು. ಮಾವ ಹಿಂದೆ ಯಂತ್ರ ಓಡಿಸುತ್ತಿದ್ದ ಗುಡ್ಡದ ರಸ್ತೆಯಲ್ಲಿ ಹುಡುಕಿದೆವು, ಏಕೆಂದರೆ ಮರೆತವರು ಹಳೆಯ ಕೆಲಸಕ್ಕೆ ಹೋಗಿಬಿಡುತ್ತಾರೆ ಎಂದು ಶೆರಿಫ್ ಕಡೆಯವರೊಬ್ಬರು ಹೇಳಿದರು. ಸಂಜೆಯವರೆಗೂ ಸುಳಿವಿಲ್ಲ. ಮಾರನೆಯ ದಿನ ನಾನು ಅತ್ತೆಗೆ ತಿಳಿಸಲು ಹೊರಟೆ.

ನಾನು ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಅತ್ತೆ ಟ್ರೇಲರ್ ಮುಂದೆ ಬಕೆಟ್ಟು ತೊಳೆಯುತ್ತಿದ್ದಳು. ಚಳಿಗೆ ಬರಿಗೈ ಕೆಂಪಾಗಿತ್ತು. ನನ್ನನ್ನು ನೋಡಿದ್ದೇ ತಡ, ಮಾತಾಡಲು ಬಿಡದೆ ಶುರುಮಾಡಿದಳು.

"ಬಂದ್ಯಾ, ಬಾ! ಇವತ್ತು ಎಂಥವನು ಸಿಕ್ಕಿದ್ದ ಗೊತ್ತಾ? ಆಚೆ ದಡದ ಹತ್ರ ಇನ್ನೂ ಹಸಿ ಇದೆ. ಅಲ್ಲೇ ನಡೆದುಕೊಂಡು ಹೋಗಿದಾನೆ ಯಾವನೋ ಕುಡುಕ. ಒಂದು ಕಾಲು ನೆಟ್ಟಗೆ ಊರಿದಾನೆ, ಇನ್ನೊಂದನ್ನ ಎಳ್ಕೊಂಡು ಹೋಗಿದಾನೆ, ದನ ಎಳೆದ ಹಾಗೆ! ಅದೂ ಹೊಸದಾಗಿ ಬಿದ್ದ ಕಲ್ಲಿನ ಗೆರೆ ಪಕ್ಕದಲ್ಲೇ. ಹೋದ ಹೆಜ್ಜೆ ಇದೆ, ಬಂದದ್ದು ಇಲ್ಲ. ದಡ ಸೇರಿದ ಮೇಲೆ ಬುದ್ಧಿ ಬಂದು ಸುತ್ತಿಕೊಂಡು ಹೋಗಿರ್ಬೇಕು. ಬೆಳಿಗ್ಗೆಯಿಂದ ಅದೇ ಕೆಲಸ ನಂಗೆ. ಗೆರೆಗೆ ಒಂದು ಚೂರೂ ಏಟು ಬೀಳದ ಹಾಗೆ ತೆಗ್ದಿದೀನಿ."

"ಅತ್ತೆ..."

"ಕೊನೇ ಹೆಜ್ಜೆ ಅಳಿಸಿ ದಡದಲ್ಲಿ ನಿಂತು ಕೂಗಿದೆ ನೋಡು" ಎಂದು ಎರಡೂ ಕೈ ಬಾಯಿಗೆ ಹಿಡಿದು ತೋರಿಸಿದಳು. "ಲೋ ಮುಂಡೇದೇ! ನೀನ್ಯಾವನೇ ಆಗಿರು, ನನ್ನ ಕೈಗೆ ಸಿಗು, ನಿನ್ನ ಕಾಲು ಮುರಿದು ನಿನ್ನ ಕೈಗೇ ಕೊಡ್ತೀನಿ! ಅಂತ. ಗುಡ್ಡ ಎರಡೆರಡು ಸಲ ವಾಪಸ್ ಬೈತು!"

ಅವಳು ನಗುತ್ತಿದ್ದಳು. ನಾನು ಮಾವ ಕಾಣೆಯಾದ ವಿಷಯ ಹೇಳಿದೆ. ಬಕೆಟ್ಟನ್ನು ಅಲ್ಲೇ ಬಿಟ್ಟು ನನ್ನ ಲಾರಿ ಹತ್ತಿ ಕೂತಳು. ಆ ದೂರದ ದಾರಿಯುದ್ದಕ್ಕೂ ಅವಳು ಯಾರನ್ನೂ ಬೈಯಲಿಲ್ಲ. ನಮಗಿಬ್ಬರಿಗೂ ಆ ಹೆಜ್ಜೆಯ ಯೋಚನೆ ಬರಲೇ ಇಲ್ಲ. ಹೇಗೆ ಬಂದೀತು? ಮಾವ ಇದ್ದದ್ದು ಬೆಟ್ಟಗಳಾಚೆ ಕೀಲರ್‌ನಲ್ಲಿ, ಅವನ ಗಾಡಿ ಮನೆ ಮುಂದೆಯೇ ನಿಂತಿತ್ತು. ಅಲ್ಲದೆ ಈ ಭೂಮಿಯ ಮೇಲೆ ಒದ್ದೆ ನೆಲ ತುಳಿಯದ ಒಬ್ಬ ಮನುಷ್ಯನಿದ್ದರೆ ಅದು ಹಾಯ್ಟ್ ಮಾವ.

ಇನ್ನೆರಡು ದಿನ ಹುಡುಕಿದೆವು. ಊರವರೆಲ್ಲ ಬಂದರು. ಹೆಂಗಸರು ಸ್ಯಾಂಡ್‌ವಿಚ್ಚು, ಕಾಫಿ ಹೊತ್ತು ತಂದರು. ಮಾವನ ಫೋಟೋ ಇರುವ ಕಾಗದವನ್ನು ನನ್ನ ಅಂಗಡಿ ಗೋಡೆಗೂ ಅಂಟಿಸಿದ್ದೆ. ಆ ಎರಡನೆಯ ದಿನ ಅತ್ತೆ ಸ್ವಲ್ಪ ಹೊತ್ತು ಕೂರಲೆಂದು ಅಂಗಡಿಗೆ ಬಂದಿದ್ದಾಗ ಒಂದು ಜೀಪು ಟೈರು ಹರಿದುಕೊಂಡು ಬಂತು. ಗಂಡ ಹೆಂಡತಿ, ಊರು ಸುತ್ತಲು ಬಂದ ಮರ್ಯಾದಸ್ಥರು. ಹೆಂಡತಿ ಗೋಡೆ ನೋಡಿ ನಿಂತಳು.

"ರೀ, ಇಲ್ನೋಡಿ. ನಾವು ಹತ್ತಿಸ್ಕೊಂಡು ಹೋದ ಅಜ್ಜ ಅಲ್ವಾ ಇವರು?"

ನಾನು ಪಾನಾ ಕೆಳಗಿಟ್ಟು, ಎಲ್ಲಿ ಹತ್ತಿಸಿಕೊಂಡಿರಿ ಎಂದು ಕೇಳಿದೆ.

ಕೀಲರ್ ಹತ್ತಿರ ಹೆದ್ದಾರಿಯಲ್ಲಿ ಕೈ ತೋರಿಸಿದನಂತೆ. ನನ್ನ ಹೆಂಡತಿ ರೇಸ್‌ಟ್ರ್ಯಾಕಿನಲ್ಲಿ ಕೆಲಸ ಮಾಡುತ್ತಾಳೆ, ಕೈಗವಸು ಮರೆತು ಹೋಗಿದ್ದಾಳೆ, ಕೊಡಬೇಕು ಎಂದನಂತೆ. ಎಷ್ಟು ಸರಿಯಾಗಿ ಮಾತಾಡಿದರು, ದಾರಿಯುದ್ದಕ್ಕೂ ಕಲ್ಲಿನ ಕತೆ ಹೇಳಿದರು, ನಮಗೆ ಒಂದಿಷ್ಟೂ ಅನುಮಾನ ಬರಲಿಲ್ಲ ಎಂದು ಆ ಗಂಡಸು ಅಂದ. ಹೊತ್ತು ಮುಳುಗುತ್ತಿತ್ತಂತೆ. ಉತ್ತರದ ತುದಿಯಲ್ಲಿ, "ಇಲ್ಲೇ ಇಳಿಸಿ, ಅವಳ ಟ್ರೇಲರ್ ಅಲ್ಲೇ ಕಾಣ್ತಿದೆ, ನಡ್ಕೊಂಡು ಹೋಗ್ತೀನಿ" ಎಂದನಂತೆ. ಇವರು ಇಳಿಸಿ ವಾಪಸ್ ಹೊರಟರಂತೆ. ಅಯ್ಯೋ ದೇವರೇ, ಇನ್ನೊಂದಿಷ್ಟು ದೂರ ಗಾಡಿ ಓಡಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು? ನಾನು ಬಾಯಿಗೆ ಬಂದ ಹಾಗೆ ಅನ್ನಲು ಹೊರಟೆ. ಅತ್ತೆ ನನ್ನ ತೋಳು ಹಿಡಿದು ತಡೆದಳು.

"ನಡೀವಾಗ ಕಾಲು ಎಳೀತಿದ್ರಾ?" ಎಂದು ಆ ಹೆಂಗಸನ್ನು ಕೇಳಿದಳು.

"ಹೌದಮ್ಮ. ಬಲಗಾಲು."

ಮಾವನ ಬಲಸೊಂಟಕ್ಕೆ ಹಿಂದೆ ಯಂತ್ರದಿಂದ ಬಿದ್ದಾಗ ಪೆಟ್ಟಾಗಿತ್ತು. ಅಲ್ಲಿಂದ ಅವನ ನಡಿಗೆಯೇ ಹಾಗೆ. ಕೀಲರ್‌ನಲ್ಲಿ ಅದು ಎಲ್ಲರಿಗೂ ಗೊತ್ತು.

"ಅವನದು ಕಣೋ ಲೈಲ್" ಎಂದಳು ಅತ್ತೆ. "ಆ ಹೆಜ್ಜೆ ಅವನದು."

ಶೆರಿಫ್ ಕಡೆಯವರಿಗೆ ಫೋನು ಮಾಡಿ, ಅವರಿಗಿಂತ ಮುಂಚೆ ನಾವಿಬ್ಬರೂ ಹೊರಟೆವು. ನಾನು ಜಲ್ಲಿ ಎನ್ನದೆ ಗುಂಡಿ ಎನ್ನದೆ ಓಡಿಸಿದೆ. ಅತ್ತೆ ಕಿಟಕಿ ಕಡೆ ಮುಖ ಮಾಡಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. "ಅವನ ಸಾಕ್ಸಿನ ಹಿಮ್ಮಡಿ ಎಷ್ಟು ಸಲ ಹೊಲಿದಿಲ್ಲ ನಾನು. ಬಲಗಾಲಿನದೇ ಹರಿಯೋದು. ಒಂದೊಂದು ಹೆಜ್ಜೆಗೂ ಮಂಡಿಯೂರಿ ಕೂತು ಕೈಯಲ್ಲಿ ಮುಟ್ಟಿದೆ. ಗುರುತು ಸಿಗಲಿಲ್ವಲ್ಲೋ. ಕಲ್ಲಿನ ಗೆರೆ ಉಳಿಸಿದೆ, ಗಂಡನ ಹೆಜ್ಜೆ ಅಳಿಸಿದೆ." ನಾನು, "ಬದುಕಿರ್ತಾನೆ ಅತ್ತೆ, ಗಟ್ಟಿ ಆಸಾಮಿ" ಎಂದೆ. ಬೇರೇನು ಹೇಳಲಿ? ಹೊರಗೆ ನೀರು ಕಲ್ಲಾಗುವ ಚಳಿ.

ಎಲ್ಲಿ ಹುಡುಕಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಕತ್ತಲಲ್ಲಿ ದಿಕ್ಕು ತಪ್ಪಿದ ಆ ಸಾಲು ಪೂರ್ವದ ದಡದಲ್ಲಿ ಎಲ್ಲಿ ಮುಗಿದಿತ್ತೆಂದು ಅಳಿಸಿದವಳಿಗೆ ಗೊತ್ತಿತ್ತು. ದಡ ಹಿಡಿದು ಸುತ್ತು ಬಳಸಿ ಹೋಗಲು ಹೊತ್ತಾಗುತ್ತದೆ. ಅತ್ತೆ ಸುತ್ತು ಹಾಕಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳು ಕೆರೆಯ ಆ ಹಸಿ ಅಂಚಿನ ಮೇಲೆ, ತಾನೇ ತಟ್ಟಿ ಕೂರಿಸಿದ ನೆಲದ ಮೇಲೆ, ಕಲ್ಲಿನ ಗೆರೆಯನ್ನೂ ತುಳಿದುಕೊಂಡು ಓಡಿದಳು. "ಹಾಯ್ಟ್! ಹಾಯ್ಟ್!" ಎಂದು ಕೂಗುತ್ತ ಓಡಿದಳು. ನಾನು ಹಿಂದಿನಿಂದ ಓಡಿದೆ.

ದಡದಿಂದ ಸ್ವಲ್ಪ ಮೇಲೆ, ಗುಡ್ಡದಿಂದ ಉರುಳಿ ಬಿದ್ದ ಕಪ್ಪು ಬಂಡೆಗಳ ಹಿಂದೆ ಅವನಿದ್ದ. ಬಂಡೆಗೆ ಬೆನ್ನು ಕೊಟ್ಟು ಕೂತಿದ್ದ, ಕಣ್ಣು ಮುಚ್ಚಿತ್ತು. ಅಂಗಿಯೊಳಗೆ ಅತ್ತೆಯ ಉಣ್ಣೆ ಕೈಗವಸು, ಒದ್ದೆಯಾಗದ ಹಾಗೆ ಎದೆಗೆ ಒತ್ತಿಟ್ಟುಕೊಂಡಿದ್ದ. ಮೈ ಮರದಂತಾಗಿತ್ತು. ಚಳಿಯಿಂದ ಹೋಗಿದ್ದಾನೆ, ಜೀಪಿನಿಂದ ಇಳಿದ ರಾತ್ರಿಯಲ್ಲ, ಅದರ ಮಾರನೆಯ ರಾತ್ರಿ ಹೋಗಿರಬೇಕು ಎಂದು ಆಮೇಲೆ ಡಾಕ್ಟರು ಹೇಳಿದರು. ಅಂದರೆ ಅತ್ತೆ ಹೆಜ್ಜೆ ಅಳಿಸಿದ ಆ ಹಗಲು ಅವನು ಬದುಕಿದ್ದ. ಅವಳು ನಿಂತು ಕೂಗಿದ ಜಾಗ ಅಲ್ಲಿಂದ ಕೂಗಳತೆ ಕೂಡ ದೂರವಿಲ್ಲ.

ಅತ್ತೆ ಅವನ ಮುಖ ಸವರಿದಳು, ಕೂದಲು ಸವರಿದಳು. ಆಮೇಲೆ ಅವಳ ಕಣ್ಣು ಅವನ ಕಾಲಿನ ಕಡೆ ಹೋಯಿತು. ಬರಿಯ ಸಾಕ್ಸು. ಬೂಟು ಬಿಚ್ಚಿ ಪಕ್ಕದಲ್ಲಿ ಜೋಡಿಸಿಟ್ಟಿದ್ದ. ಅವುಗಳ ಅಟ್ಟೆಯಲ್ಲಿ ಒಂದು ಚೂರೂ ಕೆಸರಿರಲಿಲ್ಲ. ಕೆರೆದ ಕಡ್ಡಿ ಅಲ್ಲೇ ಬಿದ್ದಿತ್ತು. ಪಕ್ಕದಲ್ಲಿದ್ದ ಒಂದು ಚಪ್ಪಟೆ ಕಲ್ಲನ್ನು ಅತ್ತೆ ಎತ್ತಿದಳು. ಕೆರೆದು ತೆಗೆದ ಮಣ್ಣನ್ನೆಲ್ಲ ಅದರ ಕೆಳಗೆ ಮುಚ್ಚಿಟ್ಟಿದ್ದ.

ಅವಳ ಗಂಟಲಿಂದ ಹೊರಟ ಸದ್ದನ್ನು ನಾನು ಸಾಯುವವರೆಗೆ ಮರೆಯಲಾರೆ.

"ಕಾಲು ಒದ್ದೆಯಾಗಿತ್ತು ಅಂತ ಬಿಚ್ಚಿರ್ತಾನೆ ಅತ್ತೆ" ಎಂದೆ. "ಬಂದ ಕೂಡ್ಲೇ ಬಿಚ್ಚಿರ್ತಾನೆ, ರಾತ್ರೀನೇ."

"ಕತ್ತಲಲ್ಲಿ ಯಾರೋ ಇಷ್ಟು ಚೆನ್ನಾಗಿ ಕೆರೀತಾರೆ? ಬೆಳಕಿದ್ದಾಗ ಮಾಡಿರೋದಿದು. ನಾನು ಅಲ್ಲಿ ಕೂತಿದ್ದಾಗ. ನನ್ನ ದನಿ ಕೇಳಿದೆ ಅವನಿಗೆ. ನಾನು ಕಾಲು ಮುರೀತೀನಿ ಅಂದೆ. ನಾನಲ್ಲ, ನಾನಲ್ಲ ಅಂತ ತೋರ್ಸೋಕೆ ಬೂಟು ಕೆರ್ಕೊಂಡು ಕೂತಿದಾನೆ, ಲೈಲ್. ನನಗೆ ಹೆದರ್ಕೊಂಡು ಸತ್ತಿದಾನೆ."

ಅವಳು ಅವನ ಎರಡು ಪಾದಗಳನ್ನೂ ಮಡಿಲಲ್ಲಿಟ್ಟುಕೊಂಡು, ತಾನು ತೊಡದ ಆ ಕೈಗವಸುಗಳಲ್ಲಿ ಸುತ್ತಿ, ಶೆರಿಫ್ ಕಡೆಯವರು ಬರುವವರೆಗೂ ತಿಕ್ಕುತ್ತ ಕೂತಿದ್ದಳು.

ಕೀಲರ್‌ನ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಕೆಸರಿನಲ್ಲಿ ಬಿದ್ದ ನಮ್ಮಿಬ್ಬರ ಓಟದ ಹೆಜ್ಜೆಗಳನ್ನು ಅಳಿಸಲು ಪಾರ್ಕಿನವರು ಯಾರನ್ನೂ ಕಳಿಸಲಿಲ್ಲ, ಪುಣ್ಯಾತ್ಮರು. ನೆಲ ಒಣಗಿ ಗಟ್ಟಿಯಾಗುವ ಮುಂಚೆಯೇ ಇನ್ನೊಂದು ಮಳೆ ಬಿದ್ದು ತಾವಾಗಿ ಹೋದವು. ಅಮ್ಮ ಅತ್ತೆಯ ಮುಂದೆ ನಿಂತು, "ನನ್ನಿಂದ ಆಯ್ತು, ನನಗೆ ಬೈದುಬಿಡು ವರ್ಲೀನ್" ಎಂದು ಅತ್ತಳು. ಅತ್ತೆ ಅವಳ ಕಣ್ಣೊರೆಸಿ, "ತಿಂದ್ಯಾ?" ಎಂದು ಮಾತ್ರ ಕೇಳಿದಳು. ಅಂಗಡಿಗೆ ಬಂದರೆ ಸುಮ್ಮನೆ ಕಾಫಿ ಕುಡಿದು ಹೋಗುವಳು. ನಾನೇ ಕೆಣಕಿದೆ, ಗಡ್ಡ ಮೊಳದುದ್ದ ಬಿಟ್ಟುಕೊಂಡೆ. ಅವಳು ನೋಡಿ, "ಚೆನ್ನಾಗಿದೆ ಕಣೋ" ಎಂದಳು. ಅವತ್ತು ಅಂಗಡಿ ಬಾಗಿಲು ಹಾಕಿಕೊಂಡು ನಾನು ಅತ್ತುಬಿಟ್ಟೆ.

ಅವಳು ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆ. ಆದರೆ ಮರುವರ್ಷ ಮಳೆ ಬಿದ್ದ ಕೂಡಲೇ ಹಲಗೆ, ಬಕೆಟ್ಟು ಗಾಡಿಗೆ ಹಾಕಿಕೊಂಡು ಹೊರಟಳು. ಒಬ್ಬಳನ್ನೇ ಬಿಡಲು ಮನಸ್ಸಾಗದೆ ನಾನೂ ಜೊತೆಗೆ ಹೋದೆ. ರಸ್ತೆಯ ಹತ್ತಿರವೇ ಒಂದು ಸಾಲು ಹೆಜ್ಜೆ ಇತ್ತು, ಯಾವನೋ ಫೋಟೋದವನದು. ಅತ್ತೆ ಹಲಗೆ ಇಳಿಸಲಿಲ್ಲ. ಹೆಜ್ಜೆ ಹೋದ ದಿಕ್ಕಿಗೆ ದಡ ಹಿಡಿದು ನಡೆದು ಅಲ್ಲಿನ ಬಂಡೆಗಳ ಮುಂದೆ ನಿಂತಳು. ಅಲ್ಲಿ ಯಾರೂ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಎರಡೂ ಕೈ ಬಾಯಿಗೆ ಹಿಡಿದು, ಮಗುವನ್ನು ಕರೆಯುವ ದನಿಯಲ್ಲಿ ಕೂಗಿದಳು.

"ಯಾರಪ್ಪಾ ಅಲ್ಲಿ? ನಾನು ಬೈಯಲ್ಲ. ಕೆಸರಾದ್ರೂ ಪರವಾಗಿಲ್ಲ, ಬಾ."

ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು. ಇನ್ನೊಂದು ಸಲ ಕೂಗಿದಳು. ಆಮೇಲೆ ಬಂದು ಮಂಡಿಯೂರಿ ಕೂತು, ಮೊದಲನೆಯ ಹೆಜ್ಜೆಗೆ ನೀರು ಚಿಮುಕಿಸಿದಳು.